ಮೌನವೆಲ್ಲ ಸಮ್ಮತಿಯೇ?



ಈಚೆಗೆ ಭಕ್ತರೊಬ್ಬರ ಮನೆಯ ಪ್ರಸಾದದ ನಿಮಿತ್ತ ನಾವು ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೆ ಹೋಗಿದ್ದೆವು. ಹಿರಿಯ ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ವಿದ್ವಾಂಸರು ಗುರುತಿಸಿದ ಶಿಲಾಮಂಟಪವಿರುವ ಊರದು. ಆ ಮನೆಯ ಮೊಮ್ಮಗಳು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿರುವವಳು. ವಿದ್ಯಾರ್ಥಿಗಳು ನಾನಾ ರಾಷ್ಟ್ರಗಳ ಪ್ರತಿನಿಧಿಗಳಂತೆ ಕುಳಿತು ಚರ್ಚಿಸುವ ಅಣಕು ಸಮ್ಮೇಳನವೊಂದರಲ್ಲಿ ಆಕೆಗೆ ನ್ಯಾಟೊ ಮಂಡಳಿಯ ಐಸ್‌ಲ್ಯಾಂಡ್ ಸ್ಥಾನ ದೊರೆತಿತ್ತಂತೆ.

"ಹೆಣ್ಣುಮಕ್ಕಳಿಗೆ ಈ ಯುದ್ಧದ ಆಟವೇಕೆ, ಶಾಸ್ತ್ರಿಗಳೇ?" ಎಂದರು ಆಕೆಯ ತಾತನವರು. ಹುಡುಗಿಯನ್ನೇ ಕೇಳಿದೆವು.

ಆಕೆ ವಿವರಿಸಿದಳು. ನ್ಯಾಟೊ 1949ರ ಏಪ್ರಿಲ್ 4ರಂದು 12 ರಾಷ್ಟ್ರಗಳು ಸಹಿ ಮಾಡಿದ ಸೇನಾ ಒಪ್ಪಂದದಿಂದ ಹುಟ್ಟಿದ ಕೂಟ. 2024ರಲ್ಲಿ ಸ್ವೀಡನ್ ಸೇರಿದ ಮೇಲೆ ಸದಸ್ಯರು 32. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿಯೆಂಬುದು ಅದರ ತಿರುಳು. ಐಸ್‌ಲ್ಯಾಂಡಿಗೆ ಸ್ವಂತ ಸೇನೆಯೇ ಇಲ್ಲ. ಆದರೂ ಸ್ಥಾಪಕ ಸದಸ್ಯ. ಅಲ್ಲಿ ಮತ ಎಣಿಸುವುದಿಲ್ಲ, ಒಮ್ಮತವೇ ಬೇಕು. ಹಲವು ವೇಳೆ ಕರಡನ್ನು ಎಲ್ಲರಿಗೂ ಕಳುಹಿಸಿ ಗಡುವು ಹಾಕುತ್ತಾರೆ. ಅಷ್ಟರೊಳಗೆ ಯಾರೂ ಆಕ್ಷೇಪಿಸದಿದ್ದರೆ ಅದು ಒಪ್ಪಿತ.

"ನಮ್ಮ ಸಭೆಯಲ್ಲಿಯೂ ಹಾಗೆಯೇ ಮಾಡಿದರು. ಒಂದು ವಾಕ್ಯ ನನಗೆ ಒಪ್ಪಿಗೆಯಿರಲಿಲ್ಲ. ದೊಡ್ಡ ದೇಶದವರ ಮುಂದೆ ಹೇಳಲು ಅಂಜಿದೆ. ಗಡುವು ಮುಗಿಯಿತು. ನಾನೂ ಒಪ್ಪಿದೆನೆಂದೇ ಆಯಿತು" ಎಂದಳು.

ನಮಗೆ ಆ ಊರಿನ ಇತಿಹಾಸವೇ ನೆನಪಾಯಿತು. ಕೆಂಪೇಗೌಡರು ವಿಜಯನಗರದ ಸಾಮಂತರು. ಆ ಸಾಮ್ರಾಜ್ಯವನ್ನು ಮುರಿದದ್ದೂ ಒಂದು ಸೇನಾ ಕೂಟವೇ. ಅಹಮದನಗರ, ವಿಜಾಪುರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದುಗೂಡಿ 1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧ ಗೆದ್ದರು. ಆ ಕೂಟಕ್ಕೆ ಗಂಟು ಹಾಕಿದ್ದು ಮದುವೆ. ಅಹಮದನಗರದ ರಾಜಕುಮಾರಿ ಚಾಂದಬೀಬಿಯನ್ನು ವಿಜಾಪುರದ ಅಲಿ ಆದಿಲ್‌ಶಾಹನಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕಳುಹಿಸಿದರು. ಮಾತುಕತೆ ದೊರೆಗಳದು; ಎಳೆಯ ಮದುಮಗಳದು ಮೌನ. ಆ ಗಂಟಾದರೂ ನಿಂತಿತೆ? ಶತ್ರು ಬಿದ್ದ ಮೇಲೆ ಮಿತ್ರರೇ ಕಾದಾಡಿದರು. 1619ರಲ್ಲಿ ವಿಜಾಪುರವು ಬೀದರವನ್ನು ನುಂಗಿತು. ಮೌನವಾಗಿದ್ದ ಆ ಹೆಣ್ಣುಮಗಳೇ ಮುಂದೆ 1595-96ರಲ್ಲಿ ಮೊಗಲರ ಮುತ್ತಿಗೆಯಿಂದ ಅಹಮದನಗರದ ಕೋಟೆಯನ್ನು ಕಾದಳು.

ಪ್ರಸಾದವಾದ ಮೇಲೆ ಹಿರಿಯರು ಹುಡುಗಿಯ ಸಂಬಂಧದ ಮಾತೆತ್ತಿದರು. ಮುಂದಿನ ಸೋಮವಾರ ಗಂಡಿನವರು ಬರುವರಂತೆ. "ಇವಳೇನೂ ಬೇಡವೆಂದಿಲ್ಲ" ಎಂದರು ತಾತನವರು.

"ಬೇಕೆಂದಳೆ?" ಎಂದು ನಾವು ಕೇಳಿದೆವು.

ಹಜಾರ ಸ್ತಬ್ಧವಾಯಿತು. ಹುಡುಗಿ ಸೆರಗಿನಂಚನ್ನು ಹಿಡಿದುಕೊಂಡೇ, "ಓದು ಮುಗಿಯಲು ಇನ್ನೆರಡು ವರ್ಷ ಬೇಕು, ತಾತಾ. ಈ ಗಡುವು ಮುಗಿಯುವ ಮೊದಲೇ ಹೇಳಿಬಿಡುತ್ತೇನೆ" ಎಂದಳು. ತಾತನವರು ಬಹಳ ಹೊತ್ತು ನೆಲ ನೋಡಿದರು. ಆಮೇಲೆ ಮಗನನ್ನು ಕರೆದು, ಗಂಡಿನವರಿಗೆ ಸೋಮವಾರ ಬರುವುದು ಬೇಡವೆಂದು ತಿಳಿಸಲು ಹೇಳಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಆದರೆ ಕೋಪವೂ ಇರಲಿಲ್ಲ.

ಮೌನಂ ಸಮ್ಮತಿಲಕ್ಷಣಂ ಎಂಬ ಮಾತು ಹಳೆಯದು. ಅಂಜಿಕೆಯ ಲಕ್ಷಣವೂ ಮೌನವೇ. ಎರಡರ ಭೇದವನ್ನು ತಿಳಿಯಲು ಹಿರಿಯರಿಗೆ ಇರುವುದು ಒಂದೇ ದಾರಿ: ಬಾಯಿಬಿಟ್ಟು ಕೇಳುವುದು, ಉತ್ತರ ಬರುವವರೆಗೆ ಕಾಯುವುದು.