ಗಿಳಿಪಾಠವೆಂದು ಜರೆಯುವ ಮುನ್ನ

ಚಲನಚಿತ್ರವೆಂದೊಡನೆ ಉಪಾಧ್ಯಾಯ ವರ್ಗದ ಹುಬ್ಬು ಗಂಟಿಕ್ಕುವುದು ಇಂದು ನಿನ್ನೆಯ ಮಾತಲ್ಲ. ಪಾಠವನ್ನು ಮರೆಸಿ, ಕಾಲವನ್ನು ಕೊಂದು, ಎಳೆಯ ಮನಸ್ಸುಗಳನ್ನು ದಾರಿ ತಪ್ಪಿಸುವ ವಸ್ತುವೆಂದೇ ಅದನ್ನು ಬಹುಕಾಲ ಎಣಿಸಲಾಗಿದೆ. ಈ ಆಕ್ಷೇಪದಲ್ಲಿ ಸತ್ಯಾಂಶವೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಎಲ್ಲ ಮಕ್ಕಳಿಗೂ ಒಂದೇ ಅಳತೆಗೋಲು ಸಲ್ಲದು. ಸ್ವಲೀನತೆ ಅಥವಾ ಆಟಿಸಂ ಎಂದು ಕರೆಯಲ್ಪಡುವ ಸ್ಥಿತಿಯುಳ್ಳ ಮಗು ಒಂದೇ ಚಿತ್ರವನ್ನು ನೂರು ಸಲ ನೋಡಿ, ಅದರ ಸಂಭಾಷಣೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತ ಕುಳಿತಾಗ, ಅದನ್ನು ಗೀಳು ಎಂದೋ ಗಿಳಿಪಾಠ ಎಂದೋ ತಳ್ಳಿಹಾಕುವುದು ಬಹಳ ಸುಲಭ. ಹಾಗೆ ತಳ್ಳಿಹಾಕಿದ್ದರೆ ಎಂತಹ ನಷ್ಟವಾಗುತ್ತಿತ್ತೆಂಬುದಕ್ಕೆ ಅಮೆರಿಕದ ಒಂದು ಕುಟುಂಬದ ಅನುಭವವು ಸಾಕ್ಷಿಯಾಗಿದೆ.

ಆ ಅನುಭವವನ್ನು ಅರಿಯುವ ಮುನ್ನ ಹಿನ್ನೆಲೆಯ ಒಂದೆರಡು ಮಾತು ಅಗತ್ಯ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿಯು ವೈದ್ಯಲೋಕದ ಗಮನಕ್ಕೆ ಬಂದಿತು. ತಮ್ಮ ಸುತ್ತಣ ಜಗತ್ತು ನಿನ್ನೆ ಇದ್ದಂತೆಯೇ ಇಂದೂ ಇರಬೇಕೆಂಬ ತೀವ್ರವಾದ ಬಯಕೆ, ಕೇಳಿದ ಮಾತನ್ನು ಕೇಳಿದಂತೆಯೇ ಮರುನುಡಿಯುವ ರೂಢಿ, ಇವೆರಡನ್ನೂ ಕ್ಯಾನರ್ ಅಂದೇ ಗುರುತಿಸಿದ್ದರು. ಕನ್ನಡದ ‘ಸ್ವಲೀನತೆ’ ಎಂಬ ಶಬ್ದವು ತನ್ನಲ್ಲಿಯೇ ಮುಳುಗಿರುವಿಕೆ ಎಂಬರ್ಥವನ್ನು ಕೊಡುತ್ತದೆ. ಶಬ್ದವೇನೋ ಸೊಗಸಾಗಿದೆ; ಆದರೆ ಮುಳುಗಿದವರು ಹೊರಗಿನ ದನಿಗೆ ಕಿವಿಗೊಡುವುದೇ ಇಲ್ಲವೆಂಬ ತಪ್ಪು ಭಾವನೆಗೂ ಅದು ಎಡೆಮಾಡಿಕೊಡುವುದುಂಟು.

ರಾನ್ ಸಸ್ಕಿಂಡ್ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ವರದಿಗಾರರಾಗಿದ್ದವರು; 1995ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದವರು. ಅವರ ಕಿರಿಯ ಮಗ ಓವೆನ್ 1991ರಲ್ಲಿ ಜನಿಸಿದನು. ಮೂರು ವರ್ಷ ತುಂಬುವ ಹೊತ್ತಿಗೆ, ಕುಟುಂಬವು ವಾಷಿಂಗ್ಟನ್ನಿಗೆ ಬಂದು ನೆಲೆಸಿದ ಹೊಸದರಲ್ಲಿ, ಚೆನ್ನಾಗಿಯೇ ಮಾತನಾಡುತ್ತಿದ್ದ ಬಾಲಕನ ಮಾತು ಒಂದೊಂದಾಗಿ ಉದುರಿಹೋಯಿತು. ಕಣ್ಣಿಗೆ ಕಣ್ಣು ಕೂಡಿಸುವುದು ನಿಂತಿತು, ನಿದ್ರೆ ಕೆಟ್ಟಿತು. ಉಳಿದುಕೊಂಡಿದ್ದು ಒಂದೇ ಸಂತೋಷ: ಅಣ್ಣ ವಾಲ್ಟರನೊಡನೆ ಕುಳಿತು ಡಿಸ್ನಿ ಸಂಸ್ಥೆಯ ವ್ಯಂಗ್ಯಚಲನಚಿತ್ರಗಳನ್ನು ನೋಡುವುದು.

1989ರಲ್ಲಿ ತೆರೆಕಂಡ ‘ದಿ ಲಿಟಲ್ ಮರ್ಮೇಡ್’ ಚಿತ್ರದಲ್ಲಿ ಮತ್ಸ್ಯಕನ್ಯೆಯೊಬ್ಬಳು ಮನುಷ್ಯರೂಪವನ್ನು ಪಡೆಯಲು ಬಯಸುತ್ತಾಳೆ. ಅದಕ್ಕೆ ಬೆಲೆಯಾಗಿ ಸಮುದ್ರದ ಮಾಟಗಾತಿ ಕೇಳುವುದು ಅವಳ ಕಂಠವನ್ನು. ಓವೆನ್ ಆ ಸನ್ನಿವೇಶವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದನು. ಜೊತೆಗೆ ಅರ್ಥವಾಗದ ಒಂದು ಶಬ್ದವನ್ನು ಗುನುಗುತ್ತಿದ್ದನು. ಮಗುವಿಗೆ ಹಣ್ಣಿನ ರಸ ಬೇಕಾಗಿದೆಯೆಂದು ಮನೆಯವರು ತಿಳಿದಿದ್ದರು. ಬಟ್ಟಲನ್ನು ಮುಂದಿಟ್ಟರೆ ಆತ ಮುಟ್ಟುತ್ತಿರಲಿಲ್ಲ. ಅದು ಹಣ್ಣಿನ ರಸವಲ್ಲ, ಮಾಟಗಾತಿ ಕಂಠವನ್ನು ಬೇಡುವ ಮಾತು ಎಂಬುದು ಕಡೆಗೊಮ್ಮೆ ತಾಯಿಗೆ ಹೊಳೆಯಿತು. ತನ್ನ ಮಾತನ್ನು ಕಳೆದುಕೊಂಡ ಬಾಲಕನೊಬ್ಬನು ದನಿಯನ್ನು ತೆತ್ತವಳ ಕಥೆಯನ್ನು ಹಿಡಿದುಕೊಂಡಿದ್ದನು. ತಜ್ಞರು ಇದನ್ನು ಬರಿಯ ಮರುದನಿಯೆಂದರು. ವೈದ್ಯಶಾಸ್ತ್ರದ ಅಂದಿನ ತಿಳಿವಳಿಕೆಗೆ ಅದು ಸಹಜವಾದ ಉತ್ತರವೇ ಆಗಿದ್ದಿತು. ಆದರೆ ಮನೆಯವರ ಆಸೆ ಬತ್ತಲಿಲ್ಲ.

ವರ್ಷಗಳು ಉರುಳಿದವು. ವಾಲ್ಟರನ ಒಂಬತ್ತನೆಯ ಹುಟ್ಟುಹಬ್ಬ ಮುಗಿದು, ಗೆಳೆಯರೆಲ್ಲ ಹೊರಟುಹೋದ ಮೇಲೆ ಆ ಹುಡುಗ ಕಣ್ಣೀರಿಟ್ಟನು. ಆಗ ಆರೂವರೆ ವರ್ಷದವನಾಗಿದ್ದ ಓವೆನ್ ತಂದೆತಾಯಿಗಳ ಬಳಿಗೆ ಬಂದು, ಅಣ್ಣನಿಗೆ ಮೋಗ್ಲಿಯಂತೆ, ಪೀಟರ್ ಪ್ಯಾನನಂತೆ ದೊಡ್ಡವನಾಗಲು ಮನಸ್ಸಿಲ್ಲವೆಂದು ತಿಳಿಸಿದನು. ಮೂರು ಪದಗಳನ್ನು ಕೂಡಿಸಲಾರನೆಂದು ಎಲ್ಲರೂ ನಂಬಿದ್ದ ಬಾಲಕನ ಬಾಯಿಂದ ಬಂದ ಪೂರ್ಣ ವಾಕ್ಯವದು. ಅದು ಚಿತ್ರದಿಂದ ಹೆಕ್ಕಿದ ಸಂಭಾಷಣೆಯಲ್ಲ. ಚಿತ್ರವನ್ನು ಅರಗಿಸಿಕೊಂಡು, ಅದರ ಬೆಳಕಿನಲ್ಲಿ ಅಣ್ಣನ ಅಳುವನ್ನು ಓದಿ ಕಟ್ಟಿದ ಸ್ವಂತ ಮಾತು.

ಅಂದು ರಾತ್ರಿ ತಂದೆ ಮಾಡಿದ ಕೆಲಸವು ಶಿಕ್ಷಕರೆಲ್ಲರೂ ಮನನ ಮಾಡತಕ್ಕದ್ದು. 1992ರ ‘ಅಲಾದ್ದೀನ್’ ಚಿತ್ರದಲ್ಲಿ ಇಯಾಗೊ ಎಂಬ ಬಾಯಿಬಡುಕ ಗಿಳಿಯೊಂದಿದೆ. ಆ ಗಿಳಿಯ ಕೈಗೊಂಬೆಯನ್ನು ತೊಟ್ಟು, ಹೊದಿಕೆಯ ಮರೆಯಲ್ಲಿ ಅಡಗಿ, ಇಯಾಗೊವಿನ ಕರ್ಕಶ ಧ್ವನಿಯಲ್ಲಿಯೇ ಅವರು ಮಗನನ್ನು ಮಾತಿಗೆಳೆದರು. ನೀನಾಗಿರುವುದು ಹೇಗಿದೆ ಎಂದು ಗಿಳಿಯ ಬಾಯಿಂದ ಕೇಳಿದರು. ಗೆಳೆಯರಿಲ್ಲವೆಂದೂ ಸುಖವಿಲ್ಲವೆಂದೂ ಬಾಲಕನು ಆ ಗಿಳಿಗೆ ಉತ್ತರ ಕೊಟ್ಟನು. ವರ್ಷಗಳ ಮೌನದ ನಂತರ ತಂದೆ ಮಗನ ನಡುವೆ ನಡೆದ ಮೊದಲ ಸಂವಾದವದು. ಮಗನ ಗಿಳಿಪಾಠವನ್ನು ಬಿಡಿಸಲು ಹೋಗದೆ, ತಂದೆಯೇ ಗಿಳಿಯಾದ ಈ ಕಾಕತಾಳೀಯಕ್ಕೆ ಕನ್ನಡ ಬಲ್ಲವರಿಗೆ ನಗು ಬಂದೀತು. ಕಣ್ಣು ತೇವವೂ ಆದೀತು.

ಗಿಳಿಪಾಠವೆಂಬ ಮಾತನ್ನು ಇಂದಿನವರು ತಾತ್ಸಾರಕ್ಕೆ ಬಳಸುತ್ತಾರೆ. ಹಿಂದಿನ ಕೂಲಿಮಠಗಳಲ್ಲಿ ಐಗಳು ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸುವಾಗ, ಶಬ್ದವು ಮುಂದೆ ನಡೆದರೆ ಅರ್ಥವು ಹಿಂದಿನಿಂದ ಬಂದೇ ಬರುವುದೆಂಬ ಭರವಸೆ ಇದ್ದಿತು. ಆ ಪದ್ಧತಿಯ ದೋಷಗಳು ಬೇಕಾದಷ್ಟಿವೆ. ಬೆತ್ತದ ನೆನಪೂ ಅದರೊಡನೆ ಸೇರಿಕೊಂಡಿದೆ. ಆದರೆ ಆ ಭರವಸೆಯೊಂದು ಸುಳ್ಳಲ್ಲ. ಬ್ಯಾರಿ ಪ್ರೈಜಂಟ್ ಎಂಬ ಅಮೆರಿಕದ ವಾಕ್‌ತಜ್ಞರು 1981ರಲ್ಲಿಯೂ 1984ರಲ್ಲಿಯೂ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಅಧ್ಯಯನಗಳು ಇದನ್ನೇ ಬೇರೆ ರೀತಿಯಲ್ಲಿ ತೋರಿಸಿವೆ. ಸ್ವಲೀನ ಮಕ್ಕಳ ಮರುನುಡಿಯು ನಿರರ್ಥಕವಲ್ಲ. ಬೇಡಲು, ಒಪ್ಪಲು, ಪ್ರತಿಭಟಿಸಲು, ತಮ್ಮನ್ನು ತಾವು ಸಂತೈಸಿಕೊಳ್ಳಲು ಅವರು ಅದನ್ನು ಬಳಸುತ್ತಾರೆ. ಎರವಲು ತಂದ ವಾಕ್ಯವಾದರೂ ಅದರೊಳಗಿನ ಬೇಡಿಕೆ ಅವರದೇ.

ಹಾಗಾದರೆ ಚಲನಚಿತ್ರವೇ ಏಕೆ? ಮನುಷ್ಯರೊಡನೆ ಇಲ್ಲದ ಸಲಿಗೆ ತೆರೆಯೊಡನೆ ಹೇಗೆ ಬೆಳೆಯಿತು? ಮೊದಲನೆಯದಾಗಿ, ಚಿತ್ರವು ಮಾತಿಗೆ ತಪ್ಪುವುದಿಲ್ಲ. ಮನೆಗೆ ಬಂದ ಚಿಕ್ಕಪ್ಪ ನಿನ್ನೆ ನಕ್ಕು ಇಂದು ಗದರಿಸಬಹುದು. ತೆರೆಯ ಮೇಲಿನ ನರಿಯಾದರೋ ನೂರನೆಯ ಸಲವೂ ಅದೇ ಗಳಿಗೆಯಲ್ಲಿ ಅದೇ ಕುತಂತ್ರವನ್ನು ಮಾಡುತ್ತದೆ. ಮುಂದೇನೆಂಬುದು ತಿಳಿದಿರುವುದರಿಂದ ಭಯವು ಕಳೆದು, ಗಮನವು ವಿವರಗಳ ಕಡೆಗೆ ಹರಿಯಲು ಬಿಡುವಾಗುತ್ತದೆ. ಚಿತ್ರಸುರುಳಿಯನ್ನು ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಜೀವನದಲ್ಲಿ ಯಾರ ಮುಖವನ್ನೂ ಹಾಗೆ ನಿಲ್ಲಿಸಿ ನೋಡಲಾಗದು. ಓವೆನ್ ಅಕ್ಷರಾಭ್ಯಾಸವನ್ನು ಬಹುಮಟ್ಟಿಗೆ ಮಾಡಿಕೊಂಡಿದ್ದು ಚಿತ್ರದ ಕೊನೆಯಲ್ಲಿ ಬರುವ ಕಲಾವಿದರ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಎಂತಹ ಪಠ್ಯಪುಸ್ತಕ!

ವ್ಯಂಗ್ಯಚಿತ್ರಗಳಲ್ಲಿ ಭಾವವು ದೊಡ್ಡಕ್ಷರದಲ್ಲಿ ಬರೆಯಲ್ಪಟ್ಟಿರುತ್ತದೆ ಎಂಬುದು ಮತ್ತೊಂದು ಕಾರಣ. ಸಿಟ್ಟು ಬಂದರೆ ಮುಖವೆಲ್ಲ ಸಿಟ್ಟು. ಅದನ್ನು ಸಂಗೀತವೂ ಸಾರಿ ಹೇಳುತ್ತದೆ. ನಿಜಜೀವನದ ಮುಖಗಳು ಇಷ್ಟು ಪ್ರಾಮಾಣಿಕವಲ್ಲ. ಏಮಿ ಕ್ಲಿನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 1966ರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ಚಿತ್ರದ ತುಣುಕುಗಳನ್ನು ಸ್ವಲೀನರಿಗೂ ಇತರರಿಗೂ ತೋರಿಸಿ, ಅವರ ನೋಟ ಎಲ್ಲಿ ನೆಡುವುದೆಂದು ಯಂತ್ರದಿಂದ ಅಳೆಯಲಾಯಿತು. ಇತರರು ಪಾತ್ರಗಳ ಕಣ್ಣುಗಳನ್ನು ನೋಡಿದರು. ಸ್ವಲೀನರ ನೋಟ ಬಾಯಿಯ ಕಡೆಗೂ ಕೋಣೆಯ ವಸ್ತುಗಳ ಕಡೆಗೂ ಹೆಚ್ಚು ಹರಿಯಿತು. ಸ್ವಾರಸ್ಯವಾದ ಸಂಗತಿಯೆಂದರೆ, ಅವರಲ್ಲಿ ಬಾಯಿಯನ್ನು ಹೆಚ್ಚು ನೋಡಿದವರೇ ಸಮಾಜದೊಡನೆ ಹೆಚ್ಚು ಹೊಂದಿಕೊಂಡವರಾಗಿದ್ದರು. ಮಾತಿನ ದಾರಿಯಿಂದಲಾದರೂ ಮನುಷ್ಯರನ್ನು ಅರಿಯುವ ಪ್ರಯತ್ನವದು.

ಬ್ರಿಟನ್ನಿನಲ್ಲಿ ಇಂತಹ ಮಕ್ಕಳ ಮೆಚ್ಚಿನ ಸರಣಿಯೆಂದರೆ ‘ಥಾಮಸ್ ದಿ ಟ್ಯಾಂಕ್ ಇಂಜಿನ್’. ಪಾದ್ರಿ ಆಡ್ರಿಯವರು ದಡಾರ ಹಿಡಿದು ಮಲಗಿದ್ದ ಮಗನಿಗಾಗಿ ಕಟ್ಟಿದ ರೈಲಿನ ಕಥೆಗಳು 1945ರಿಂದ ಪುಸ್ತಕಗಳಾಗಿ, 1984ರಿಂದ ದೂರದರ್ಶನದ ಸರಣಿಯಾಗಿ ಬಂದವು. ಹಳಿಯ ಮೇಲೆ ಮಾತ್ರ ಚಲಿಸುವ ಇಂಜಿನ್ನು, ನಿಧಾನವಾಗಿ ಬದಲಾಗುವ ಮುಖ, ನಿಶ್ಚಲವಾದ ಹಿನ್ನೆಲೆ, ಇವೆಲ್ಲ ಆ ಮಕ್ಕಳಿಗೆ ಒಪ್ಪಿದವು. ಇದನ್ನೇ ಆಧಾರವಾಗಿಟ್ಟುಕೊಂಡು ಕೇಂಬ್ರಿಡ್ಜಿನ ಸೈಮನ್ ಬ್ಯಾರನ್-ಕೋಹೆನ್ ಅವರ ತಂಡವು ವಾಹನಗಳಿಗೆ ನಿಜಮಾನವರ ಮುಖಗಳನ್ನು ಕೂಡಿಸಿ, 15 ಕಂತುಗಳಲ್ಲಿ 15 ಭಾವಗಳನ್ನು ಕಲಿಸುವ ‘ದಿ ಟ್ರಾನ್ಸ್‌ಪೋರ್ಟರ್ಸ್’ ಎಂಬ ಸರಣಿಯನ್ನು ರೂಪಿಸಿತು. 4ರಿಂದ 7 ವರ್ಷದ ಮಕ್ಕಳು ನಾಲ್ಕು ವಾರ ನೋಡಿದ ನಂತರ ಭಾವಗಳನ್ನು ಗುರುತಿಸುವುದರಲ್ಲಿ ಸ್ಪಷ್ಟವಾಗಿ ಮುಂದುವರಿದರೆಂದು 2010ರಲ್ಲಿ ವರದಿಯಾಯಿತು. ಬೇರೆಯವರು ನಡೆಸಿದ ಪರೀಕ್ಷೆಯಲ್ಲಿ ಫಲವು ಅಷ್ಟು ಗಟ್ಟಿಯಾಗಿ ಕಾಣಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಮಗು ತಾನಾಗಿ ಆರಿಸಿಕೊಂಡ ಚಿತ್ರಕ್ಕೂ ದೊಡ್ಡವರು ಮದ್ದಿನಂತೆ ಕುಡಿಸಿದ ಚಿತ್ರಕ್ಕೂ ಅಂತರವಿರುವುದು ಸಹಜವೇ.

ಓವೆನ್ ಆರಿಸಿಕೊಂಡಿದ್ದು ನಾಯಕರನ್ನಲ್ಲ, ಅವರ ಅಕ್ಕಪಕ್ಕದ ಸಹಚರರನ್ನು. ಶಾಲೆಯಲ್ಲಿ ಹೊರಗುಳಿದ ಕಾಲದಲ್ಲಿ ಪುಟಪುಟ ತುಂಬ ಆ ಸಹಚರರ ಚಿತ್ರಗಳನ್ನೇ ಬರೆದು, ತನ್ನನ್ನು ಅವರ ರಕ್ಷಕನೆಂದು ಕರೆದುಕೊಂಡನು. ನಾಯಕನಾಗುವ ಯೋಗ ತನಗಿಲ್ಲವೆಂದು ಬಗೆದ ಬಾಲಕನ ಅಂತರಂಗವನ್ನು ಯಾವ ಪ್ರಶ್ನಪತ್ರಿಕೆಯೂ ಇಷ್ಟು ನೇರವಾಗಿ ಹೊರಗೆಡವುತ್ತಿರಲಿಲ್ಲ. ಪ್ರಾಣಿವಿಜ್ಞಾನದ ವಿದುಷಿ ಟೆಂಪಲ್ ಗ್ರ್ಯಾಂಡಿನ್ ಅವರ ಮೆಚ್ಚಿನ ಸರಣಿ ‘ಸ್ಟಾರ್ ಟ್ರೆಕ್’ ಎಂಬುದೂ ಇದೇ ಬಗೆಯದು. ಮನುಷ್ಯರ ನಡುವೆ ಇದ್ದೂ ಮನುಷ್ಯರ ಭಾವಗಳನ್ನು ಹೊರಗಿನಿಂದ ಪರಿಶೀಲಿಸುವ ಪಾತ್ರಗಳಲ್ಲಿ ಅವರು ತಮ್ಮ ಸೋದರರನ್ನು ಕಂಡರು. ಇದಕ್ಕೆ ವಿರುದ್ಧವಾಗಿ, 1988ರ ‘ರೇನ್ ಮ್ಯಾನ್’, 2010ರ ‘ಮೈ ನೇಮ್ ಈಸ್ ಖಾನ್’ ಮುಂತಾದವು ಸ್ವಲೀನರನ್ನು ಕುರಿತು ಇತರರಿಗಾಗಿ ತೆಗೆದ ಚಿತ್ರಗಳು. ಅವುಗಳಿಂದ ಜನರಲ್ಲಿ ತಿಳಿವಳಿಕೆ ಹೆಚ್ಚಿತೆಂಬುದು ದಿಟ. ಸ್ವಲೀನರೆಲ್ಲರೂ ಲೆಕ್ಕದ ಮಾಂತ್ರಿಕರೆಂಬ ಮೌಢ್ಯವನ್ನು ‘ರೇನ್ ಮ್ಯಾನ್’ ಹರಡಿತೆಂಬುದೂ ಅಷ್ಟೇ ದಿಟ.

ಈ ಮಾರ್ಗಕ್ಕೂ ಮಿತಿಗಳುಂಟು. ರಾನ್ ಸಸ್ಕಿಂಡ್ 2014ರಲ್ಲಿ ಬರೆದ ‘ಲೈಫ್, ಅನಿಮೇಟೆಡ್’ ಪುಸ್ತಕವನ್ನು ಆಧರಿಸಿ ರೋಜರ್ ರಾಸ್ ವಿಲಿಯಮ್ಸ್ 2016ರಲ್ಲಿ ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದರು. ಅದರಲ್ಲಿ 23ರ ಯುವಕನಾದ ಓವೆನ್ ಪ್ರೇಮಭಂಗದಿಂದ ಕಂಗೆಡುವುದನ್ನು ಕಾಣಬಹುದು. ಡಿಸ್ನಿ ಕಥೆಗಳು ವಿವಾಹದ ಹೊಸ್ತಿಲಲ್ಲಿ ಮುಗಿಯುತ್ತವೆ. ಆಚೆಗಿನ ಪಾಠವನ್ನು ಹೇಳಿಕೊಡುವ ಚಿಂತೆ ಅಣ್ಣ ವಾಲ್ಟರನ ಪಾಲಿಗೆ ಬಂದಿತು. ಇನ್ನು ಆ ಕುಟುಂಬಕ್ಕೆ ತಜ್ಞರನ್ನೂ ವಿಶೇಷ ಶಾಲೆಯನ್ನೂ ಒದಗಿಸಿಕೊಳ್ಳುವ ಆರ್ಥಿಕ ಶಕ್ತಿ ಇದ್ದಿತೆಂಬುದನ್ನು ಮುಚ್ಚಿಟ್ಟರೆ ಬಡ ಪಾಲಕರಿಗೆ ಅನ್ಯಾಯವಾದೀತು. ಎಲ್ಲ ಮಕ್ಕಳೂ ಓವೆನ್‌ನಂತೆ ಮಾತಿಗೆ ಬರುವುದೂ ಇಲ್ಲ. ಬಾರದಿದ್ದರೆ ಚಿತ್ರವನ್ನು ಕಸಿದುಕೊಳ್ಳಬೇಕೆಂದು ಅರ್ಥವಲ್ಲ. ಸಂತೋಷವೆಂಬುದು ಪ್ರಯೋಜನದ ರಸೀತಿಯನ್ನು ತೋರಿಸಿ ಪಡೆಯಬೇಕಾದ ಸರಕಲ್ಲ.

ಅಮೆರಿಕದ ಎ.ಎಂ.ಸಿ. ಚಿತ್ರಮಂದಿರಗಳಲ್ಲಿ ಇಂತಹವರಿಗಾಗಿ ದೀಪಗಳನ್ನು ಪೂರ್ಣವಾಗಿ ಆರಿಸದೆ, ಸದ್ದನ್ನು ತಗ್ಗಿಸಿ, ಎದ್ದು ಕುಣಿದಾಡಿದರೂ ಆಕ್ಷೇಪಿಸದೆ ಪ್ರದರ್ಶನಗಳನ್ನು ನಡೆಸುವ ಪರಿಪಾಠ ಬೆಳೆದಿದೆ. ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಆಟಿಸಂ ಉಳ್ಳವರ ಕ್ಷೇಮವನ್ನು ಹೆಸರಿಸಿಯೇ ವಹಿಸಿಕೊಂಡಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಅದನ್ನು 21 ವಿಧಗಳ ಪಟ್ಟಿಯಲ್ಲಿ ಸೇರಿಸಿ, ಇತರರ ಜೊತೆಯಲ್ಲಿಯೇ ಕಲಿಯುವ ಹಕ್ಕನ್ನು ಸಾರಿದೆ. ಆದುದರಿಂದ ಇಂತಹ ಮಗು ಯಾವುದೇ ಶಾಲೆಯ ಬಾಗಿಲಿಗೆ ಬರಬಹುದು. ಹೆಸರಿಡದೆ ಹಿಂದಿನ ಬೆಂಚಿನಲ್ಲಿ ಈಗಾಗಲೇ ಕುಳಿತಿದ್ದರೂ ಆಶ್ಚರ್ಯವಿಲ್ಲ.

ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿರುವ ರಿವರ್‌ವ್ಯೂ ಶಾಲೆಯಲ್ಲಿ ಓವೆನ್ ತನ್ನಂತಹವರನ್ನು ಕೂಡಿಸಿ ಡಿಸ್ನಿ ಸಂಘವೊಂದನ್ನು ನಡೆಸಿದನು. ಚಿತ್ರವನ್ನು ನೋಡುವುದು, ನಡುವೆ ನಿಲ್ಲಿಸಿ ಅದು ತಮ್ಮ ಬಾಳಿಗೆ ಹೇಗೆ ಹೊಂದುವುದೆಂದು ಚರ್ಚಿಸುವುದು, ಇಷ್ಟೇ ಅದರ ಕಾರ್ಯಕ್ರಮ. ಒಮ್ಮೆ ‘ಅಲಾದ್ದೀನ್’ ಚಿತ್ರದಲ್ಲಿ ಜಾಫರನಿಗೆ ಧ್ವನಿಯಿತ್ತ ಜಾನಥನ್ ಫ್ರೀಮನ್, ಇಯಾಗೊವಿಗೆ ಧ್ವನಿಯಿತ್ತ ಗಿಲ್ಬರ್ಟ್ ಗಾಟ್‌ಫ್ರೀಡ್ ಇಬ್ಬರೂ ಅಲ್ಲಿಗೆ ಬಂದರು. ಓವೆನ್ ಅವರೊಡನೆ ಸಂಭಾಷಣೆಗೆ ಸಂಭಾಷಣೆ ಜೋಡಿಸಿದಾಗ ಕೋಣೆಯೆಲ್ಲ ನಗುವಿನಿಂದ ತುಂಬಿತು. ಅಂತಹ ಸಂಘಕ್ಕೆ ಬೇಕಾಗುವ ವೆಚ್ಚವು ದಾನಿಗಳನ್ನು ಅಂಜಿಸತಕ್ಕದ್ದಲ್ಲ: ಒಂದು ಕೊಠಡಿ, ಒಂದು ಪರದೆ, ವಾರಕ್ಕೆ ಒಂದು ಗಂಟೆ. ಅದೇ ಚಿತ್ರವನ್ನು ಮಗುವಿನೊಡನೆ ಹತ್ತನೆಯ ಸಲವೂ ಬೇಸರವಿಲ್ಲದೆ ನೋಡುವ ಉಪಾಧ್ಯಾಯರನ್ನು ಮಾತ್ರ ಹುಡುಕಬೇಕಾದೀತು.