ವಾಣಿಜ್ಯ ನ್ಯಾಯದಲ್ಲಿ ಶಬ್ದಾರ್ಥ ವಿಚಾರ

ವಾಣಿಜ್ಯವೆಂದರೆ ಸರಕು ಮತ್ತು ಹಣಗಳ ವಿನಿಮಯವೆಂಬುದು ಲೋಕರೂಢಿ. ಆದರೆ ಸರಕು ಕೈಸೇರುವುದಕ್ಕೂ ಹಣ ಸಂದಾಯವಾಗುವುದಕ್ಕೂ ಮೊದಲೇ ಇಬ್ಬರ ನಡುವೆ ವಿನಿಮಯಗೊಳ್ಳುವುದು ಮಾತು. ಒಬ್ಬನು ಪ್ರಸ್ತಾವವನ್ನು ಮುಂದಿಡುತ್ತಾನೆ. ಮತ್ತೊಬ್ಬನು ಅದನ್ನು ಅಂಗೀಕರಿಸುತ್ತಾನೆ. ಕೊಡುವುದಕ್ಕೂ ಪಡೆಯುವುದಕ್ಕೂ ಪ್ರತಿಫಲವು ಗೊತ್ತಾಗುತ್ತದೆ. ಹೀಗೆ ಒಪ್ಪಿದವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿದ್ದು, ಒಪ್ಪಿಗೆಯು ಬಲಾತ್ಕಾರ ವಂಚನೆಗಳಿಂದ ಮುಕ್ತವಾಗಿದ್ದು, ಉದ್ದೇಶವೂ ನ್ಯಾಯಸಮ್ಮತವಾಗಿದ್ದರೆ ಆ ಮಾತು ಕರಾರೆನಿಸುತ್ತದೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ಸಾರವು ಸ್ಥೂಲವಾಗಿ ಇಷ್ಟು.

ಈ ಕಾಯಿದೆಯ ೧೩ನೆಯ ಕಲಮು ಭಾಷಾಭ್ಯಾಸಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಅದು ಸಮ್ಮತಿ ಎಂದು ಅದರ ಆಶಯ. ಒಂದೇ ಶಬ್ದವನ್ನು ಉಚ್ಚರಿಸಿದರೆ ಸಾಲದು, ಅರ್ಥವೂ ಒಂದಾಗಿರಬೇಕು. ಇದಕ್ಕೆ ಇಂಗ್ಲೆಂಡಿನಲ್ಲಿ ೧೮೬೪ರಲ್ಲಿ ತೀರ್ಮಾನವಾದ ಒಂದು ವ್ಯಾಜ್ಯವೇ ನಿದರ್ಶನ. ಮುಂಬಯಿಯಿಂದ ‘ಪಿಯರ್‌ಲೆಸ್’ ಎಂಬ ಹಡಗಿನಲ್ಲಿ ಬರುವ ಸೂರತ್ ಹತ್ತಿಯನ್ನು ಕೊಳ್ಳಲು ವರ್ತಕರು ಒಪ್ಪಿದ್ದರು. ಆ ಹೆಸರಿನ ಅರ್ಥ ‘ಸಾಟಿಯಿಲ್ಲದುದು’ ಎಂದು. ಆದರೆ ಅದೇ ಹೆಸರಿನ ಹಡಗುಗಳು ಎರಡಿದ್ದವು. ಕೊಳ್ಳುವವರ ಮನಸ್ಸಿನಲ್ಲಿದ್ದುದು ಅಕ್ಟೋಬರಿನಲ್ಲಿ ಹೊರಡುವ ಹಡಗು. ಮಾರುವವನ ಮನಸ್ಸಿನಲ್ಲಿದ್ದುದು ಡಿಸೆಂಬರಿನಲ್ಲಿ ಹೊರಡುವುದು. ನ್ಯಾಯಾಲಯವು ಕೊಳ್ಳುವವರ ಪರವಾಗಿ ತೀರ್ಪಿತ್ತಿತು. ಕಾವ್ಯದಲ್ಲಿ ಶ್ಲೇಷವು ಅಲಂಕಾರವಾಗುತ್ತದೆ. ಕರಾರಿನಲ್ಲಿ ಅದು ಕೇಡಾಗುತ್ತದೆ.

ಹಾಗಾದರೆ ಬರೆದ ಮಾತಿನ ಅರ್ಥವನ್ನು ನಿರ್ಣಯಿಸುವುದು ಹೇಗೆ? ಕಾಯಿದೆಯ ಮಾತಿನ ಬಗೆಗೆ ನ್ಯಾಯಶಾಸ್ತ್ರಜ್ಞರು ಮುಖ್ಯವಾಗಿ ಮೂರು ಮಾರ್ಗಗಳನ್ನು ಹೇಳುತ್ತಾರೆ. ಶಬ್ದದ ಸಹಜಾರ್ಥವನ್ನೇ ಹಿಡಿಯಬೇಕೆಂಬುದು ಮೊದಲನೆಯದು. ಸಹಜಾರ್ಥವು ಅಸಂಬದ್ಧತೆಗೆ ಎಡೆಗೊಟ್ಟಲ್ಲಿ, ಆ ದೋಷ ಪರಿಹಾರಕ್ಕೆ ಬೇಕಾದಷ್ಟು ಮಾತ್ರ ಅದರಿಂದ ಸರಿಯಬಹುದೆಂಬುದು ಎರಡನೆಯದು. ಇದಕ್ಕೆ ‘ಸುವರ್ಣ ನಿಯಮ’ವೆಂದು ಹೆಸರು. ಯಾವ ಕೇಡನ್ನು ನಿವಾರಿಸಲು ಕಾಯಿದೆ ಹುಟ್ಟಿತೋ ಅದನ್ನು ನೋಡಿ ಅರ್ಥೈಸಬೇಕೆಂಬುದು ಮೂರನೆಯದು. ಇದು ಇಂಗ್ಲೆಂಡಿನಲ್ಲಿ ೧೫೮೪ರ ಹೇಡನ್ ವ್ಯಾಜ್ಯದಿಂದ ಬಂದುದು. ಅಭಿಧೆ, ಲಕ್ಷಣೆ, ತಾತ್ಪರ್ಯಗಳನ್ನು ಬಲ್ಲವರಿಗೆ ಇದು ಅಪರಿಚಿತ ಪ್ರದೇಶವಲ್ಲ. ‘ಗಂಗೆಯಲ್ಲಿ ಹಳ್ಳಿ’ ಎಂದಾಗ ಹರಿಯುವ ನೀರಿನಲ್ಲಿ ಹಳ್ಳಿ ಇರಲಾರದೆಂದು ತಿಳಿದು ದಡವನ್ನು ಗ್ರಹಿಸುವ ಬುದ್ಧಿಯೇ ಸುವರ್ಣ ನಿಯಮದ ಮೂಲದಲ್ಲಿಯೂ ಇದೆ.

ಅರ್ಥನಿರ್ಣಯವು ಕೇವಲ ಪಂಡಿತವಿನೋದವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ‘ಸಪಿಂಡ’ ಎಂಬಲ್ಲಿಯ ‘ಪಿಂಡ’ಕ್ಕೆ ಶರೀರವೆಂದು ಅರ್ಥ ಮಾಡಿದನು. ಬಂಗಾಳದ ಜೀಮೂತವಾಹನನು ಅದಕ್ಕೆ ಶ್ರಾದ್ಧದ ಪಿಂಡವೆಂದು ಅರ್ಥ ಹೇಳಿದನು. ಒಂದು ಶಬ್ದದ ಈ ಎರಡು ಅರ್ಥಗಳಿಂದ, ಯಾರ ಆಸ್ತಿ ಯಾರಿಗೆ ಎಂಬ ವಿಷಯದಲ್ಲಿ ಎರಡು ಭಿನ್ನ ಸಂಪ್ರದಾಯಗಳು ಶತಮಾನಗಳ ಕಾಲ ನಡೆದುವು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತನಕ ಅವುಗಳ ಪ್ರಭಾವ ಪ್ರಬಲವಾಗಿತ್ತು.

ವರ್ತಕನಿಗೆ ಬೇಕಾದುದು ನಿಶ್ಚಿತತೆ. ನ್ಯಾಯಾಧೀಶರು ಶಬ್ದವನ್ನು ಬಿಟ್ಟು ಆಶಯವನ್ನು ಅರಸುತ್ತ ಹೊರಟರೆ ನಾಳೆಯ ತೀರ್ಪನ್ನು ಬಲ್ಲವರಾರು ಎಂಬ ಆಕ್ಷೇಪವುಂಟು. ಇದು ತಳ್ಳಿಹಾಕತಕ್ಕುದಲ್ಲ. ಅಂತರರಾಜ್ಯ ವ್ಯಾಪಾರದ ಮೇಲಿನ ಮಾರಾಟ ತೆರಿಗೆಯ ಬಗೆಗೆ ಸಂವಿಧಾನದ ೨೮೬ನೆಯ ಅನುಚ್ಛೇದಕ್ಕೆ ಸರ್ವೋಚ್ಚ ನ್ಯಾಯಾಲಯವು ೧೯೫೩ರಲ್ಲಿ ಹೇಳಿದ ಅರ್ಥವನ್ನು, ೧೯೫೫ರ ಬೆಂಗಾಲ್ ಇಮ್ಯೂನಿಟಿ ಕಂಪನಿಯ ವ್ಯಾಜ್ಯದಲ್ಲಿ, ಹೇಡನ್ ನಿಯಮವನ್ನು ಆಶ್ರಯಿಸಿ ತಾನೇ ಬದಲಿಸಿತು. ಆದುದರಿಂದ ಕ್ರಮವೊಂದು ಬೇಕು. ಶಬ್ದಕ್ಕೆ ಅಗ್ರಸ್ಥಾನವಿರಲಿ, ಅದು ತೊಡಕಿದಲ್ಲಿ ಮಾತ್ರ ಆಶಯವು ಕೈಹಿಡಿಯಲಿ.

ಆದರೆ ಶಬ್ದಕ್ಕೆ ಅಗ್ರಸ್ಥಾನ ನೀಡುವಾಗ ಆ ಶಬ್ದವನ್ನು ಬರೆದವರು ಯಾರೆಂಬುದನ್ನು ಮರೆಯಲಾಗದು. ಬಲಿಷ್ಠನು ಅಚ್ಚುಹಾಕಿಸಿದ ಪತ್ರಕ್ಕೆ ದುರ್ಬಲನು ರುಜು ಹಾಕುವಾಗ ‘ಒಂದೇ ಅರ್ಥದ ಒಪ್ಪಿಗೆ’ ಎಲ್ಲಿಂದ ಬರಬೇಕು? ಸಂದಿಗ್ಧವಾದ ಮಾತಿನ ಅರ್ಥವನ್ನು ಅದನ್ನು ಬರೆದವನಿಗೆ ಪ್ರತಿಕೂಲವಾಗಿ ಗ್ರಹಿಸಬೇಕೆಂಬ ಹಳೆಯ ನಿಯಮವು ಈ ಕಾರಣದಿಂದಲೇ ಹುಟ್ಟಿದುದು. ಮಾತು ಸ್ಪಷ್ಟವಾಗಿದ್ದರೂ ಅನ್ಯಾಯವಾಗಿದ್ದರೆ ಏನು ಗತಿ? ಕಾರಣ ಹೇಳದೆ ಮೂರು ತಿಂಗಳ ನೋಟೀಸಿನಿಂದ ಕಾಯಂ ನೌಕರನನ್ನು ಹೊರಹಾಕಬಹುದೆಂದಿದ್ದ ಒಂದು ಸರ್ಕಾರಿ ಜಲಸಾರಿಗೆ ನಿಗಮದ ನಿಯಮವನ್ನು ೧೯೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಅಸಿಂಧುಗೊಳಿಸಿತು. ಚೌಕಾಸಿಗೆ ಅವಕಾಶವೇ ಇಲ್ಲದವನ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯೆಂದು ಎಣಿಸಲಾಗದೆಂಬ ತತ್ತ್ವವು ಅಲ್ಲಿ ಎತ್ತಿಹಿಡಿಯಲ್ಪಟ್ಟಿತು.

ಆದರೂ ನ್ಯಾಯಾಲಯದ ಕರುಣೆಯನ್ನೇ ನೆಚ್ಚಿ ಕೂರಲಾಗದು. ಓದದೆ ರುಜು ಮಾಡಿದೆನೆಂಬ ಮಾತು ಸಾಮಾನ್ಯವಾಗಿ ಅಲ್ಲಿ ಸಲ್ಲುವುದಿಲ್ಲ. ಸಾಲಪತ್ರದ ಬಡ್ಡಿಯ ಷರತ್ತು, ಜಾಮೀನುದಾರನ ಹೊಣೆ, ವಿಮೆಯ ವಿನಾಯಿತಿ, ಪಾಲುದಾರಿಕೆಯ ನಷ್ಟಹಂಚಿಕೆ ಇವನ್ನು ಓದಿ ತಿಳಿಯಲಾರದ ಪದವೀಧರನ ವಿದ್ಯೆ ಎಷ್ಟರದು? ವಾಣಿಜ್ಯದ ಪಾಠದಲ್ಲಿ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿಸಲಾಗುತ್ತದೆ. ಕನ್ನಡದ ಪಾಠದಲ್ಲಿ ಪದ್ಯಕ್ಕೆ ಅನ್ವಯ ಹೇಳಲಾಗುತ್ತದೆ. ಇವೆರಡರ ನಡುವಿನ ಗೋಡೆ ಬೀಳಬೇಕು. ವರ್ಷಕ್ಕೆ ನಾಲ್ಕಾರು ಕರಾರುಪತ್ರಗಳನ್ನಾದರೂ ತರಗತಿಯಲ್ಲಿ ಕನ್ನಡದಲ್ಲಿ ಅನ್ವಯಿಸಿ, ‘ಅಥವಾ’ಕ್ಕೂ ‘ಮತ್ತು’ವಿಗೂ, ‘ಬಹುದು’ವಿಗೂ ‘ತಕ್ಕದ್ದು’ವಿಗೂ ಇರುವ ಅಂತರದಿಂದ ಎಷ್ಟು ಹಣ, ಎಷ್ಟು ಹೊಲ ಕೈಬದಲಾಗಬಹುದೆಂದು ತೋರಿಸಿಕೊಡಬೇಕು. ನ್ಯಾಯಾಧೀಶನು ಅರ್ಥ ಹೇಳುವುದು ವ್ಯಾಜ್ಯ ಹುಟ್ಟಿದ ಮೇಲೆ. ಉಪಾಧ್ಯಾಯನು ಅದನ್ನು ರುಜುವಿಗೆ ಮೊದಲೇ ಹೇಳಬಲ್ಲನು. ಆ ಹೊಣೆಯನ್ನು ಭಾಷಾ ಬೋಧಕರೂ ವಾಣಿಜ್ಯ ಬೋಧಕರೂ ಕೂಡಿ ಹೊರುವುದು ಇಂದಿನ ಅಗತ್ಯ.