ಸೋಮಾರಿ ಎಂದು ಬರೆಯುವ ಮುನ್ನ

ಮಾಸ್ತರಿಕೆಯ ಇಷ್ಟು ವರ್ಷಗಳಲ್ಲಿ ಬರೆದ ಒಂದು ಶಬ್ದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿದೆ. ಆ ಹುಡುಗಿ ಬನಹಟ್ಟಿಯ ನೇಕಾರರ ಮನೆಯವಳು. ಎಂಟನೆಯ ತರಗತಿಯಲ್ಲಿದ್ದಾಗ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದವಳು, ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಕೊನೆಯ ಬೆಂಚಿಗೆ ಸರಿದಿದ್ದಳು. ಮಧ್ಯಾಹ್ನದ ಪಾಠಕ್ಕೆ ಕಣ್ಣು ಎಳೆಯುತ್ತಿದ್ದವು. ನಿನ್ನೆ ಬಾಯಿಪಾಠ ಒಪ್ಪಿಸಿದ್ದು ಇವತ್ತು ನೆನಪಿರುತ್ತಿರಲಿಲ್ಲ. ಪ್ರಗತಿ ಪತ್ರದ ಷರಾ ಕಾಲಮ್ಮಿನಲ್ಲಿ ನಾನು "ಬುದ್ಧಿವಂತೆ, ಆದರೆ ಸೋಮಾರಿ" ಎಂದು ಬರೆದು ಸಹಿ ಹಾಕಿದೆ.

ಪಾಲಕರ ಸಭೆಗೆ ಅವಳ ತಾಯಿ ಬಂದಿದ್ದರು. "ಏನ್ ಮಾಡೂದ್ರಿ ಸರ್, ಸಾಲಿಯಿಂದ ಬಂದಾಕೀನ ಮಲಗತಾಳ. ಉಂಡದ್ದು ಮೈಗೆ ಹತ್ತೇತಿ, ಓದಿದ್ದು ತಲಿಗೆ ಹತ್ತವಲ್ದು" ಎಂದರು. ನಾನೂ ತಲೆಯಾಡಿಸಿದೆ. ಮೊಬೈಲು ಕಸಿದುಕೊಳ್ಳಿ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಎಂದು ಬುದ್ಧಿ ಹೇಳಿ ಕಳಿಸಿದೆ.

ಸತ್ಯ ಗೊತ್ತಾಗಿದ್ದು ಅಜ್ಜಿಯಿಂದ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಸೆಕೆ ತಾಳದೆ ಮಾಳಿಗೆ ಮೇಲೆ ಮಲಗಿದರೆ, ಮೊಮ್ಮಗಳು ಒಳಗೆ ಕೌದಿ ಹೊದ್ದು ಮಲಗುತ್ತಿದ್ದಳಂತೆ. "ಇದು ಮೈಗಳ್ಳತನ ಅಲ್ಲವ್ವಾ, ಈ ಹುಡುಗೀಗಿ ಏನೋ ಆಗೇತಿ" ಎಂದು ಅಜ್ಜಿ ಹಟ ಹಿಡಿದು ದವಾಖಾನೆಗೆ ಕಳಿಸಿದಳು. ವೈದ್ಯರು ಕುತ್ತಿಗೆ ಮುಟ್ಟಿ ನೋಡಿದರು, ನಾಡಿ ಎಣಿಸಿದರು, ಮುಟ್ಟಿನ ಬಗ್ಗೆ ಕೇಳಿದರು, ರಕ್ತ ಪರೀಕ್ಷೆ ಬರೆದುಕೊಟ್ಟರು. ಅವಳ ಥೈರಾಯ್ಡ್ ಗ್ರಂಥಿ ಬಹುಮಟ್ಟಿಗೆ ಕೆಲಸ ನಿಲ್ಲಿಸಿತ್ತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಪಾಲಕರೇ, ವಿದ್ಯಾರ್ಥಿ ಮಿತ್ರರೇ, ಈ ವಾರದ ಮಾತು ಅದರ ಬಗ್ಗೆ.

ಮಗ್ಗದ ವೇಗ

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ ಚಿಟ್ಟೆಯ ಆಕಾರದಲ್ಲಿ ಕುಳಿತಿರುವ ಪುಟ್ಟ ಗ್ರಂಥಿ. ನಾವು ತಿನ್ನುವ ಅಯೋಡಿನ್ ಬಳಸಿಕೊಂಡು ಅದು ಟಿ4, ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಪವರ್‌ಲೂಮಿಗೆ ಮೋಟರ್ ಹೇಗೋ, ದೇಹಕ್ಕೆ ಈ ಹಾರ್ಮೋನು ಹಾಗೆ. ಮೋಟರ್ ನಿಧಾನವಾದರೆ ಇಡೀ ಮಗ್ಗ ನಿಧಾನ. ಎದೆಬಡಿತ, ಜೀರ್ಣಕ್ರಿಯೆ, ಮೈಯ ಬಿಸಿ, ನೆನಪು, ಮಕ್ಕಳಲ್ಲಿ ಎತ್ತರದ ಬೆಳವಣಿಗೆ, ಎಲ್ಲವೂ ಕುಂಟುತ್ತವೆ.

ಮಗ್ಗದ ಮಾಲೀಕ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಕೆಲಸ ಕಡಿಮೆಯಾದರೆ ಅವನು ಕೂಗುತ್ತಾನೆ. ಆ ಕೂಗೇ ಟಿಎಸ್‌ಎಚ್. ಕೆಲಸ ಎಷ್ಟು ಕಡಿಮೆಯೋ ಕೂಗು ಅಷ್ಟು ಜೋರು. ಆದ್ದರಿಂದಲೇ ವರದಿಯಲ್ಲಿ ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ ಎಂದಿದ್ದರೆ ಥೈರಾಯ್ಡ್ ಮಂದವಾಗಿದೆ ಎಂದರ್ಥ. ಅನೇಕರು ಇದನ್ನು ತಿರುವುಮುರುವಾಗಿ ಓದಿ, "ನಮ್ಮ ಹುಡುಗೀಗಿ ಥೈರಾಯ್ಡ್ ಹೆಚ್ಚಾಗೇತಿ" ಎನ್ನುತ್ತಾರೆ. ಹೆಚ್ಚಾದದ್ದು ಮಾಲೀಕನ ಕೂಗು, ಮಗ್ಗದ ಕೆಲಸವಲ್ಲ.

ಯಾವಾಗ ಅನುಮಾನಿಸಬೇಕು?

ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬಾರದು. ಹಲವು ಲಕ್ಷಣಗಳು ಒಟ್ಟಿಗೆ ಕಂಡು ತಿಂಗಳುಗಟ್ಟಲೆ ಉಳಿದರೆ ಎಚ್ಚರಾಗಬೇಕು. ಹೋಗದ ದಣಿವು, ಎಲ್ಲರಿಗೂ ಸೆಕೆಯಾದಾಗ ಇವರಿಗೆ ಚಳಿ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಖ ಊದಿಕೊಳ್ಳುವುದು, ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ ಅತಿಸ್ರಾವ ಅಥವಾ ಏರುಪೇರು, ಮರೆವು, ಮಂಕು, ಇವು ಮಂದ ಥೈರಾಯ್ಡಿನ ಗುರುತುಗಳು. ಕುತ್ತಿಗೆಯಲ್ಲಿ ಬಾವು, ಅಂದರೆ ಗಳಗಂಡ, ಕೆಲವರಿಗೆ ಕಾಣಿಸಿಕೊಳ್ಳಬಹುದು, ಕೆಲವರಿಗೆ ಇಲ್ಲ.

ಮಕ್ಕಳಲ್ಲಿ ಎಲ್ಲಕ್ಕಿಂತ ಮುಖ್ಯ ಗುರುತು ಎತ್ತರ. ವರ್ಷಕ್ಕೆರಡು ಸಲ ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯಿರಿ, ತಾರೀಖು ಬರೆಯಿರಿ. ಬೆಳೆಯುವ ವಯಸ್ಸಿನಲ್ಲಿ ಗೆರೆ ಇದ್ದಲ್ಲೇ ಉಳಿದರೆ ವೈದ್ಯರಿಗೆ ತೋರಿಸಿ. ದಪ್ಪಗಾಗುತ್ತಿದ್ದರೂ ಎತ್ತರವೂ ಚೆನ್ನಾಗಿ ಏರುತ್ತಿರುವ ಮಗುವಿನ ಬೊಜ್ಜಿಗೆ ಸಾಮಾನ್ಯವಾಗಿ ಥೈರಾಯ್ಡ್ ಕಾರಣವಾಗಿರುವುದಿಲ್ಲ.

ಇದಕ್ಕೆ ವಿರುದ್ಧವಾದ ರೋಗವೂ ಇದೆ. ಮೋಟರ್ ಅತಿ ವೇಗವಾಗಿ ತಿರುಗಿದರೆ ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತದೆ, ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಸುಮ್ಮನೆ ಕುಳಿತಾಗಲೂ ಎದೆ ಮುಧೋಳದ ಬೇಟೆನಾಯಿಯಂತೆ ಓಡುತ್ತದೆ. ಇದನ್ನು ಪರೀಕ್ಷೆಯ ಹೆದರಿಕೆ ಎಂದು ತಳ್ಳಿಹಾಕಬೇಡಿ, ಬೇಗ ತೋರಿಸಿ. ಕುತ್ತಿಗೆಯ ಗಂಟು ಬೇಗಬೇಗ ಬೆಳೆಯುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ, ಧ್ವನಿ ಬದಲಾದರೆ ತಡಮಾಡಲೇಬಾರದು.

ಇನ್ನೊಂದು ಮಾತು. ದಣಿವೆಲ್ಲ ಥೈರಾಯ್ಡ್ ಅಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ವಿಟಮಿನ್ ಬಿ12 ಕೊರತೆ, ನಿದ್ದೆಗೇಡು, ಮನಸ್ಸಿನ ಖಿನ್ನತೆ ಇವೂ ಹೀಗೆಯೇ ಕಾಣುತ್ತವೆ. ಆದ್ದರಿಂದ ನೀವಾಗಿಯೇ ಲ್ಯಾಬಿಗೆ ಹೋಗುವುದಕ್ಕಿಂತ ಮೊದಲು ವೈದ್ಯರಿಗೆ ತೋರಿಸುವುದು ಮೇಲು. ಹಿಮೋಗ್ಲೋಬಿನ್ ಜೊತೆಗೆ ಏನೇನು ನೋಡಬೇಕೆಂದು ಅವರೇ ಹೇಳುತ್ತಾರೆ.

ಎಲ್ಲಿ, ಹೇಗೆ ಪರೀಕ್ಷೆ?

ಹಿಂದೆ ನಮ್ಮ ಭಾಗದಲ್ಲಿ ದೊಡ್ಡ ಬೇನೆ ಎಂದರೆ ಮಿರಜ ಎನ್ನುತ್ತಿದ್ದರು. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಎಷ್ಟೋ ತಲೆಮಾರಿನವರು ಗಂಟುಮೂಟೆ ಕಟ್ಟಿಕೊಂಡು ಅತ್ತ ನಡೆದರು. ಥೈರಾಯ್ಡ್ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹದಿಹರೆಯದವರಿಗಾಗಿಯೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ. ಮುಟ್ಟಿನ ವಿಷಯ ಹೇಳಲು ನಾಚುವ ಹುಡುಗಿಯರು ಅಲ್ಲಿ ನಿಸ್ಸಂಕೋಚವಾಗಿ ಮಾತಾಡಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅದರ ಪಟ್ಟಿಯಲ್ಲಿ ಗಳಗಂಡವೂ ಸೇರಿದೆ. ತಂಡ ಶಾಲೆಗೆ ಬಂದ ದಿನ ಮಕ್ಕಳನ್ನು ತಪ್ಪಿಸಬೇಡಿ. ತಜ್ಞರ ಸಲಹೆ ಬೇಕಾದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಮೊದಲ ಪರೀಕ್ಷೆಗೆ ಸಾಮಾನ್ಯವಾಗಿ ಟಿಎಸ್‌ಎಚ್ ಮತ್ತು ಫ್ರೀ ಟಿ4 ಸಾಕು. ಜೋರು ಜ್ವರ ಬಂದು ಮಲಗಿರುವಾಗ ಮಾಡಿಸಿದರೆ ಅಂಕಿಗಳು ಏರುಪೇರಾಗಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಅದು ವರದಿಯನ್ನು ದಾರಿ ತಪ್ಪಿಸುತ್ತದೆ. ವಯಸ್ಕರಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ಇರುವುದು ವಾಡಿಕೆ. ಲ್ಯಾಬಿನಿಂದ ಲ್ಯಾಬಿಗೆ ಮಿತಿ ಸ್ವಲ್ಪ ಬೇರೆ, ಮಕ್ಕಳಲ್ಲಿ ವಯಸ್ಸಿಗೆ ತಕ್ಕಂತೆ ಬೇರೆ. 5 ಅಥವಾ 6 ಬಂದ ಕೂಡಲೇ ಗಾಬರಿಯಾಗಬೇಡಿ. ಇಂಥ ಅಲ್ಪ ಏರಿಕೆ ಎಷ್ಟೋ ಮಕ್ಕಳಲ್ಲಿ ತಾನೇ ಇಳಿಯುತ್ತದೆ. ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹಳೆಯ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿಡಿ. ಒಂದು ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ.

ಕುರಿಯಿಂದ ಬಂದ ಔಷಧ

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ, ಥೈರಾಯ್ಡ್ ಬತ್ತಿಹೋಗಿದ್ದ ಒಬ್ಬ ಮಹಿಳೆಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿದ. ಕೈಬಿಟ್ಟಂತಿದ್ದ ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಆ ರಸದೊಳಗಿನ ಥೈರಾಕ್ಸಿನ್ನನ್ನು ಬೇರ್ಪಡಿಸಿದ. ಈಗ ಅದೇ ಹಾರ್ಮೋನು ಲೆವೊಥೈರಾಕ್ಸಿನ್ ಎಂಬ ಪುಟ್ಟ ಮಾತ್ರೆಯಾಗಿ ಸಿಗುತ್ತದೆ. ಒಂದು ದಿನದ ಮಾತ್ರೆಗೆ ಒಂದು ಕಪ್ ಚಹಾದಷ್ಟೂ ಖರ್ಚಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಚಹಾ, ನಾಷ್ಟಾ ಅರ್ಧದಿಂದ ಒಂದು ತಾಸು ಬಿಟ್ಟು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ತಾಸು ಅಂತರ ಇರಲಿ, ಇಲ್ಲವಾದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು. 6ರಿಂದ 8 ವಾರಕ್ಕೆ ರಕ್ತ ಪರೀಕ್ಷಿಸಿ ಪ್ರಮಾಣ ಸರಿಪಡಿಸುತ್ತಾರೆ. ಆರಾಮಾಯಿತೆಂದು ನೀವೇ ನಿಲ್ಲಿಸಬೇಡಿ. ತಾಯಿಯ ಮಾತ್ರೆ ಮಗಳಿಗೆ ಕೊಡಬೇಡಿ. ತೂಕ ಇಳಿಸಲೆಂದು ಇದನ್ನು ನುಂಗುವುದಂತೂ ಎದೆಗೆ ಅಪಾಯ.

ಉಪ್ಪಿನ ಮಾತು

1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಗೆ ಬರುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಭಾಗವಾದರೂ ಅಯೋಡಿನ್ ಇರಬೇಕೆಂಬುದು ನಿಯಮ. ಚೀಲದಿಂದ ಅಳೆದುಕೊಡುವ ಹರಳುಪ್ಪಿನಲ್ಲಿ ಅದು ಇರುತ್ತದೆಂಬ ಖಾತ್ರಿ ಇಲ್ಲ. ಪ್ಯಾಕೆಟ್ ಉಪ್ಪನ್ನೂ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಸಂಕ್ರಮಣದ ಸಜ್ಜಿ ರೊಟ್ಟಿ, ಎಲೆಕೋಸು ಬಿಡಬೇಕೇ ಎಂದು ಕೆಲವರು ಕೇಳುತ್ತಾರೆ. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ಹಿತಮಿತವಾಗಿ ತಿಂದರೆ ಚಿಂತೆಯಿಲ್ಲ.

ಆದರೆ ಉಪ್ಪು ಸರಿಯಿದ್ದ ಮನೆಯಲ್ಲೂ ಈ ರೋಗ ಬರುತ್ತದೆ. ದೇಹದ ಕಾವಲು ಪಡೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆಯಿದು. 1912ರಲ್ಲಿ ಅದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಾಶಿಮೊಟೊ ಅವರ ಹೆಸರು ಅದಕ್ಕಿದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು, ಮನೆತನದಲ್ಲಿ ಇದ್ದರೆ ಇನ್ನೂ ಹೆಚ್ಚು. ಉಪ್ಪು ಹೆಚ್ಚು ತಿಂದರೆ ಇದು ಹೋಗದು. ತಪ್ಪು ಯಾರದೂ ಅಲ್ಲ.

ಮುಚ್ಚಿಡುವುದೇಕೆ?

ಆ ತಾಯಿ ವರದಿ ಹಿಡಿದು ನನ್ನ ಬಳಿ ಬಂದಾಗ ಮೊದಲು ಕೇಳಿದ್ದು ಪರೀಕ್ಷೆಯ ಬಗ್ಗೆಯಲ್ಲ. "ಮಂದಿಗೆ ಗೊತ್ತಾದರ ನಾಳೆ ಹೆಣ್ಣು ಕೇಳಾಕ ಯಾರು ಬರ್ತಾರ್ರಿ ಸರ್?" ಎಂದರು. ಅನೇಕ ಮನೆಗಳಲ್ಲಿ ಪರೀಕ್ಷೆ ತಡವಾಗುವುದು ಈ ಹೆದರಿಕೆಯಿಂದಲೇ. 2013ರಲ್ಲಿ ಪ್ರಕಟವಾದ, ಬೆಂಗಳೂರು ಸೇರಿ ಎಂಟು ಮಹಾನಗರಗಳ ಅಧ್ಯಯನದಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಮಂದ ಥೈರಾಯ್ಡ್ ಕಂಡುಬಂದಿತ್ತು. ಅಂದಮೇಲೆ ಇದು ಯಾರ ಮನೆಗೂ ಕಳಂಕವಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವಳು ಓದಬಹುದು, ಓಡಬಹುದು, ಮದುವೆಯಾಗಿ ತಾಯಿಯಾಗಬಹುದು. ಗರ್ಭಿಣಿಯಾದಾಗ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಆದ್ದರಿಂದ ಆಗ ವೈದ್ಯರಿಗೆ ಕೂಡಲೇ ಹೇಳಬೇಕು, ಅಷ್ಟೇ. ಮುಚ್ಚಿಟ್ಟು ಮಾತ್ರೆ ತಪ್ಪಿಸುವುದೇ ಅಪಾಯ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಮೈ ಸರಿಯಿಲ್ಲವೆನಿಸಿದರೆ ಬಾಯಿಬಿಟ್ಟು ಹೇಳಿ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ ದಣಿವು, ಎಷ್ಟು ತಾಸು ನಿದ್ದೆ, ಚಳಿಯೋ ಸೆಕೆಯೋ, ಮುಟ್ಟು ಹೇಗೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯೇ. ವೈದ್ಯರ ಮುಂದೆ ಕುಳಿತಾಗ ಗಾಬರಿಗೆ ಎಲ್ಲ ಮರೆತುಹೋಗುತ್ತದೆ. ಆ ಹಾಳೆ ನಿಮ್ಮ ಪರವಾಗಿ ಮಾತಾಡುತ್ತದೆ.

ಆ ಹುಡುಗಿ ಮಾತ್ರೆ ನುಂಗಿದ ಮರುದಿನವೇ ಮೊದಲ ಬೆಂಚಿಗೆ ಬಂದಳೆಂದು ಹೇಳಿದರೆ ಸುಳ್ಳಾಗುತ್ತದೆ. ತಿಂಗಳೆರಡು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಪಾಠದ ನಡುವೆ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅವಳ ಉತ್ತರ ತಪ್ಪಿತ್ತು, ಆದರೂ ನನಗೆ ಸಂತೋಷವಾಯಿತು. ಆ ಸಂಜೆ ಪ್ರಗತಿ ಪತ್ರ ತರಿಸಿಕೊಂಡು ಷರಾ ಕಾಲಮ್ಮಿನ ಆ ಶಬ್ದ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಈಗ ಆ ಶಬ್ದ ಬರೆಯಲು ಪೆನ್ನು ಎತ್ತುವ ಮೊದಲು ಮಗುವನ್ನು ಕರೆದು, "ಮೈಯಾಗ ಆರಾಮ ಅದಿಯೇನವ್ವಾ?" ಎಂದು ಕೇಳುತ್ತೇನೆ. ನೀವೂ ಕೇಳಿ.